ಶನಿವಾರ ಸಂಜೆ, ಬಿಯರ್, ಹಾಲಿವುಡ್ ಮ್ಯೂಸಿಕಲ್: ಹಳೆಯದೊಂದು, ಹೊಸದೊಂದು ಹೇಳಿ

ಕಾಂಗ್ರೆಸ್ ಕಡಲೆಕಾಯಿ:

ನಮ್ಮದೊಂದು ಚಿಕ್ಕ ಗುಂಪಿದೆ. ಆಗಾಗ ಯಾರದಾದರೂ ಮನೆಯ ಟೆರೇಸ್ ಮೇಲೆ ಸೇರುತ್ತೇವೆ. ಬಿಯರ್, ಕೋಡುಬಳೆ, ಯಾರಾದರೂ ಪುಣ್ಯಾತ್ಮರು ಮನೆಯಿಂದ ತಂದರೆ ಚಿಕನ್ ಫ್ರೈ. ನೀರಿನ ಟ್ಯಾಂಕ್ ಪಕ್ಕದ ಬಿಳಿ ಗೋಡೆ ಮೇಲೆ ಪ್ರೊಜೆಕ್ಟರ್ ಬಿಟ್ಟು ಸಿನಿಮಾ ನೋಡುತ್ತೇವೆ. ಮೊನ್ನೆ ಹಾಲಿವುಡ್ ಮ್ಯೂಸಿಕಲ್ ‘ಲಾ ಲಾ ಲ್ಯಾಂಡ್’ ಹಾಕಿದೆವು. ಮೊದಲ ಹಾಡಿಗೇ ಒಬ್ಬ ಎದ್ದ. ಟ್ರಾಫಿಕ್ ಜಾಮ್ ಆದರೆ ಕಾರಿನಿಂದ ಇಳಿದು ಬಾನೆಟ್ ಹತ್ತಿ ಕುಣೀತಾರಾ ಯಾರಾದ್ರೂ, ಸಿಲ್ಕ್ ಬೋರ್ಡ್‌ನಲ್ಲಿ ಹೀಗೆ ಮಾಡಿದ್ರೆ ಹಿಂದಿನವನು ಗುದ್ದಿಕೊಂಡು ಹೋಗ್ತಾನೆ ಅಂತ ಶುರು ಮಾಡಿದ. ಇನ್ನೊಬ್ಬ ಬಿಡಲಿಲ್ಲ: ಅಣ್ಣಾವ್ರು ಬೆಟ್ಟದ ಮೇಲೆ ಹಾಡಿದರೆ ಕೈಮುಗಿಯುತ್ತೀಯ, ಇವರು ಹಾಡಿದರೆ ಮಾತ್ರ ನಿನಗೆ ನಗು ಬರುತ್ತಾ? ‘ಅದು ಬೇರೆ ಕಣೋ’ ಅಂದ ಮೊದಲನೆಯವನು. ಹೇಗೆ ಬೇರೆ ಅಂತ ಬಾಟಲಿ ಖಾಲಿಯಾಗುವವರೆಗೂ ಯಾರಿಗೂ ಹೇಳಲು ಬರಲಿಲ್ಲ. ಸಿನಿಮಾ ಅರ್ಧಕ್ಕೇ ನಿಂತಿತು.

ನನ್ನ ಪ್ರಶ್ನೆ ಇಷ್ಟೇ. ಮುಂದಿನ ಸಲಕ್ಕೆ ಹಳೆಯದೊಂದು, ಹೊಸದೊಂದು ಮ್ಯೂಸಿಕಲ್ ಹೇಳಿ. ಎರಡು ಗಂಟೆ ದಾಟಿದರೆ ನಮ್ಮಲ್ಲಿ ಅರ್ಧ ಜನಕ್ಕೆ ತಾಳ್ಮೆ ಇರುವುದಿಲ್ಲ. ಮಾತಿನ ಮಧ್ಯೆ ಹಾಡುವುದನ್ನು ಕಂಡರೆ ಉರಿದುಬೀಳುವ ನಮ್ಮ ಗೆಳೆಯನೂ ಕೂತು ನೋಡುವಂತಿರಬೇಕು. ಹಾಗೇ, ನಮ್ಮ ಸಿನಿಮಾದಲ್ಲಿ ಐದಾರು ಹಾಡಿದ್ದರೂ ಅದನ್ನು ಯಾರೂ ಮ್ಯೂಸಿಕಲ್ ಅನ್ನುವುದಿಲ್ಲ, ಯಾಕೆ? ಇದಕ್ಕೆ ಯಾರಾದರೂ ನೆಟ್ಟಗೆ ಉತ್ತರ ಹೇಳಿದರೆ ಸಾಕು, ಟೆರೇಸ್ ಜಗಳ ಮುಗಿಯುತ್ತೆ.

ಟೆಂಟ್ ಸಿನಿಮಾ:

ಹಳೆಯದಕ್ಕೆ ಯೋಚನೆಯೇ ಬೇಡ ಗುರು. ‘ಸಿಂಗಿಂಗ್ ಇನ್ ದ ರೇನ್’, 1952. ಒಂದು ಮುಕ್ಕಾಲು ಗಂಟೆಗಿಂತ ಕಡಿಮೆ. ಮೂಕಿ ಚಿತ್ರಗಳು ಹೋಗಿ ಟಾಕಿ ಬಂದಾಗ ಹಾಲಿವುಡ್‌ನಲ್ಲಿ ಆದ ಪೀಕಲಾಟವೇ ಕಥೆ. ಹೀರೋಯಿನ್ ನೋಡಲು ಅಪ್ಸರೆ, ಬಾಯಿ ಬಿಟ್ಟರೆ ಕಿವಿ ಮುಚ್ಚಿಕೊಳ್ಳಬೇಕು. ಮೈಕನ್ನು ಎದೆಯ ಹತ್ತಿರ ಸಿಕ್ಕಿಸಿದರೆ ಎದೆಬಡಿತವೂ ರೆಕಾರ್ಡ್ ಆಗುತ್ತೆ, ಹೂವಿನ ಗಿಡದಲ್ಲಿ ಬಚ್ಚಿಟ್ಟರೆ ಆಯಮ್ಮ ತಲೆ ತಿರುಗಿಸಿದಾಗಲೆಲ್ಲ ಮಾತು ಮಾಯ. ಆ ಶೂಟಿಂಗ್ ಸೀನಿಗೆ ನಿಮ್ಮ ಉರಿಮೂತಿ ಗೆಳೆಯ ನಗದಿದ್ದರೆ ಅವನಿಗೆ ಬಿಯರ್ ಕೊಡಬೇಡಿ.

ಆಮೇಲೆ ಆ ಮಳೆ ಹಾಡು. ಎಲ್ಲರೂ ಯೂಟ್ಯೂಬಲ್ಲಿ ತುಣುಕು ನೋಡಿರುತ್ತಾರೆ, ಆದರೆ ಕಥೆಯ ಒಳಗೆ ಅದು ಬರುವ ಜಾಗದಲ್ಲಿ ನೋಡಬೇಕು. ಹೀರೋ ಜೀನ್ ಕೆಲ್ಲಿ ಹುಡುಗಿಯನ್ನು ಮನೆ ಬಾಗಿಲಿಗೆ ಬಿಟ್ಟು, ಕಾಯುತ್ತಿದ್ದ ಕಾರನ್ನು ಕೈಬೀಸಿ ಕಳಿಸಿಬಿಡುತ್ತಾನೆ. ನಡೆಯುತ್ತಾನೆ, ಕೊಡೆ ಮಡಚುತ್ತಾನೆ, ಲೈಟು ಕಂಬ ಹತ್ತುತ್ತಾನೆ. ಸೂರಿನ ಪೈಪಿನಿಂದ ಸುರಿಯುವ ನೀರಿಗೆ ತಲೆ ಒಡ್ಡುತ್ತಾನೆ. ಕೊನೆಗೆ ರಸ್ತೆ ಬದಿಯ ಗುಂಡಿಯಲ್ಲಿ ಚಿಕ್ಕ ಹುಡುಗನ ಹಾಗೆ ಪಚಪಚ ಹಾರುವಾಗ ಹಿಂದೆ ಪೊಲೀಸ್ ಬಂದು ನಿಲ್ಲುತ್ತಾನೆ. ಆ ಪೊಲೀಸ್ ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಸುಮ್ನೆ ನೋಡುತ್ತಾನೆ, ಇವನ ಕುಣಿತ ಅಲ್ಲಿಗೆ ತಣ್ಣಗಾಗುತ್ತೆ. ಹೋಗುವಾಗ ಕೊಡೆಯನ್ನು ದಾರಿಯಲ್ಲಿ ನೆನೆಯುತ್ತಾ ಬರುತ್ತಿದ್ದ ಯಾರೋ ಒಬ್ಬನ ಕೈಗೆ ಕೊಟ್ಟುಬಿಡುತ್ತಾನೆ. ಆ ಹಾಡಿನ ಶೂಟಿಂಗ್ ಹೊತ್ತಲ್ಲಿ ಕೆಲ್ಲಿಗೆ 103 ಡಿಗ್ರಿ ಜ್ವರ. ಮಳೆ ಕ್ಯಾಮೆರಾಗೆ ಕಾಣಲಿ ಅಂತ ನೀರಿಗೆ ಹಾಲು ಬೆರೆಸಿದ್ದರು ಅನ್ನುವ ಕಥೆ ಎಲ್ಲ ಕಡೆ ಓಡಾಡುತ್ತೆ. ಅದು ಪುಕಾರು. ಹಿಂದಿನಿಂದ ಬೆಳಕು ಬಿಟ್ಟು ಹನಿ ಕಾಣುವಂತೆ ಮಾಡಿದ್ದು.

ಇನ್ನೊಂದು ಮಜಾ. ಈ ಹಾಡುಗಳಲ್ಲಿ ಬಹುತೇಕ ಎಲ್ಲವೂ ಹಳೆಯವು, 1920-30ರ ದಶಕದಲ್ಲಿ ಆರ್ಥರ್ ಫ್ರೀಡ್ ಮತ್ತು ನೇಸಿಯೊ ಹರ್ಬ್ ಬ್ರೌನ್ ಜೋಡಿ ಮಾಡಿದ್ದವು. ಫ್ರೀಡ್ ಆಮೇಲೆ ಎಂಜಿಎಂ ಸ್ಟುಡಿಯೋದಲ್ಲಿ ನಿರ್ಮಾಪಕ ಆದ. ತನ್ನ ಹಳೇ ಹಾಡೆಲ್ಲ ಹಾಕಿ ಒಂದು ಕಥೆ ಹೆಣೆಯಿರಿ ಅಂತ ಬರಹಗಾರರಿಗೆ ಹೇಳಿದ. ಹಾಡು ಮೊದಲು, ಕಥೆ ಆಮೇಲೆ! ನಮ್ಮ ಗಾಂಧಿನಗರಕ್ಕೆ ಇದನ್ನು ಹೇಳಿಕೊಡಬೇಕಾಗಿಲ್ಲ ಬಿಡಿ.

ಹಾರ್ಮೋನಿಯಂ ಪೆಟ್ಟಿಗೆ:

ಟೆಂಟ್ ಸಾಹೇಬರು ಒಳ್ಳೇದನ್ನೇ ಹೇಳಿದ್ದಾರೆ, ಆದರೆ ಆ ಸಿನಿಮಾದ ಅಸಲಿ ತಮಾಷೆ ಬಿಟ್ಟರು. ಅದರ ಕಥೆಯೇ ದನಿ ಕದಿಯುವ ಕಥೆ ಅಲ್ವಾ? ಕರ್ಕಶ ದನಿಯ ಸ್ಟಾರ್ ಬಾಯಾಡಿಸುತ್ತಾಳೆ, ಪರದೆ ಹಿಂದೆ ಪಾಪದ ಹುಡುಗಿ ಹಾಡುತ್ತಾಳೆ, ಹೆಸರೆಲ್ಲ ಸ್ಟಾರ್‌ಗೆ. ಆ ಪಾಪದ ಹುಡುಗಿ ಡೆಬಿ ರೆನಾಲ್ಡ್ಸ್. ಈಗ ಕೇಳಿ. ಸಿನಿಮಾದಲ್ಲಿ ಅವಳು ಸ್ಟಾರ್‌ಗಾಗಿ ಹಾಡುವ ‘ವುಡ್ ಯೂ’ ಹಾಡು ಇದೆಯಲ್ಲ, ಅದರಲ್ಲಿ ಕೇಳುವುದು ಡೆಬಿಯ ದನಿಯಲ್ಲ, ಬೆಟಿ ನೋಯ್ಸ್ ಅನ್ನುವ ಗಾಯಕಿಯದು. ಡೆಬಿ ಸ್ಟಾರ್‌ನ ಮಾತನ್ನು ಡಬ್ ಮಾಡುವಂತೆ ತೋರಿಸುವ ಜಾಗದಲ್ಲಿ ಕೇಳುವ ದನಿ ಇನ್ನೂ ವಿಚಿತ್ರ, ಅದು ಕರ್ಕಶ ಸ್ಟಾರ್ ಪಾತ್ರ ಮಾಡಿದ ಜೀನ್ ಹೇಗನ್‌ಳ ಸ್ವಂತ, ಸೊಗಸಾದ ದನಿ. ಅಂದರೆ ಮೋಸವನ್ನು ಬಯಲು ಮಾಡುವ ಸಿನಿಮಾದಲ್ಲೇ ಅದೇ ಮೋಸ!

ನಿಮ್ಮ ಟೆರೇಸ್ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ನಮ್ಮಲ್ಲಿ ಹಿನ್ನೆಲೆ ಗಾಯನ ಅಂದರೆ ಗುಟ್ಟಲ್ಲ. ರಾಜ್‌ಕುಮಾರ್ ಮುಖ, ಪಿ.ಬಿ. ಶ್ರೀನಿವಾಸ್ ದನಿ, ಇದು ಹಳ್ಳಿಯ ಮಗುವಿಗೂ ಗೊತ್ತಿತ್ತು. ರೇಡಿಯೋದಲ್ಲಿ ಮೊದಲು ಗಾಯಕರ ಹೆಸರು ಹೇಳುತ್ತಿದ್ದರು. ಹಾಲಿವುಡ್‌ನಲ್ಲಿ ಮಾರ್ನಿ ನಿಕ್ಸನ್ ಅಂತ ಒಬ್ಬರಿದ್ದರು. 1956ರ ‘ದ ಕಿಂಗ್ ಅಂಡ್ ಐ’ನಲ್ಲಿ ಡೆಬೊರಾ ಕೆರ್‌ಗೆ, 1961ರ ‘ವೆಸ್ಟ್ ಸೈಡ್ ಸ್ಟೋರಿ’ಯಲ್ಲಿ ನಟಾಲಿ ವುಡ್‌ಗೆ, 1964ರ ‘ಮೈ ಫೇರ್ ಲೇಡಿ’ಯಲ್ಲಿ ಆಡ್ರಿ ಹೆಪ್‌ಬರ್ನ್‌ಗೆ ಹಾಡಿದ್ದು ಇವರೇ. ಮೂರರಲ್ಲೂ ಪರದೆ ಮೇಲೆ ಹೆಸರಿಲ್ಲ. ನಟಾಲಿ ವುಡ್‌ಗಂತೂ ನಿನ್ನ ದನಿಯೇ ಇರುತ್ತೆ ಅಂತ ನಂಬಿಸಿ ಪೂರ್ತಿ ಹಾಡಿಸಿ, ಹಿಂದಿನಿಂದ ಬದಲಾಯಿಸಿದರು. ಸಂಗೀತ ಮಾಡಿದ ಲಿಯೊನಾರ್ಡ್ ಬರ್ನ್‌ಸ್ಟೈನ್ ಮಾತ್ರ ತಮ್ಮ ರಾಯಲ್ಟಿಯಲ್ಲಿ ಸ್ವಲ್ಪ ಪಾಲನ್ನು ಮಾರ್ನಿಗೆ ಬಿಟ್ಟುಕೊಟ್ಟರು. ಮಾರ್ನಿ ಮುಖ ನೋಡಬೇಕಾದರೆ 1965ರ ‘ದ ಸೌಂಡ್ ಆಫ್ ಮ್ಯೂಸಿಕ್’ ಹಾಕಿ, ಸೋಫಿಯಾ ಅನ್ನುವ ಸನ್ಯಾಸಿನಿ ಅವರೇ. ಆ ಸಿನಿಮಾದಲ್ಲೂ ಕ್ಯಾಪ್ಟನ್ ಪಾತ್ರದ ಕ್ರಿಸ್ಟೋಫರ್ ಪ್ಲಮರ್‌ಗೆ ಬಿಲ್ ಲೀ ಹಾಡಿದ್ದಾರೆ.

ಅವರ ಪ್ರೇಕ್ಷಕ ‘ಈ ಮನುಷ್ಯನೇ ಈಗ, ಇಲ್ಲೇ, ಹಾಡುತ್ತಿದ್ದಾನೆ’ ಅಂತ ನಂಬಬೇಕು. ಅದಕ್ಕೇ ಅಷ್ಟು ಮುಚ್ಚುಮರೆ. ನಾವು ಆ ನಂಬಿಕೆಯನ್ನೇ ಕೇಳುವುದಿಲ್ಲ. ಬಾಯಿ ಒಬ್ಬರದು, ದನಿ ಇನ್ನೊಬ್ಬರದು, ಆದರೂ ಕಣ್ಣಲ್ಲಿ ನೀರು ಬರುತ್ತೆ. 1974ರಲ್ಲಿ ‘ಸಂಪತ್ತಿಗೆ ಸವಾಲ್’ನ ‘ಯಾರೇ ಕೂಗಾಡಲಿ’ ಆದಮೇಲೆ ಅಣ್ಣಾವ್ರು ತಮ್ಮ ಹಾಡು ತಾವೇ ಹಾಡತೊಡಗಿದರು, ನಾಟಕ ಕಂಪನಿಯಲ್ಲಿ ಪಳಗಿದ ಕಂಠ, ಕೇಳಬೇಕಾ? ಜನ ಅದನ್ನೂ ಹೊತ್ತು ಮೆರೆಸಿದರು. ಹಾಗಂತ ಪಿ.ಬಿ.ಎಸ್ ಹಾಡುಗಳು ಸುಳ್ಳು ಅಂತ ಯಾರಿಗಾದರೂ ಅನ್ನಿಸಿತಾ? ಇಲ್ಲವಲ್ಲ.

ಸೋಡಾಬುಡ್ಡಿ:

ಎಲ್ಲ ಸರಿ, ಆದರೆ ‘ನಿಜವಾಗಿ ಹಾಡಬೇಕು’ ಅನ್ನುವ ಹಟಕ್ಕೆ ಬಿದ್ದರೆ ಏನಾಗುತ್ತೆ ಅಂತ 2012ರ ‘ಲೇ ಮಿಸರಾಬ್ಲ್’ ನೋಡಿ. ಸೆಟ್ಟಲ್ಲೇ ಲೈವ್ ಹಾಡಿಸಿದರು, ಕಿವಿಯಲ್ಲಿ ಸಣ್ಣ ಇಯರ್‌ಪೀಸ್, ಪಕ್ಕದಲ್ಲೆಲ್ಲೋ ಒಬ್ಬ ಪಿಯಾನೋ ನುಡಿಸುತ್ತಾನೆ. ಆನ್ ಹ್ಯಾಥವೇಗೆ ಅದು ಒಲಿಯಿತು. ಕೂದಲು ಕತ್ತರಿಸಿಕೊಂಡ ತಲೆ, ಒಂದೇ ಟೇಕ್, ಕ್ಯಾಮೆರಾ ಮುಖ ಬಿಟ್ಟು ಕದಲುವುದಿಲ್ಲ, ಹಾಡೋ ಅಳುವೋ ಗೊತ್ತಾಗುವುದಿಲ್ಲ. ಆಸ್ಕರ್ ಬಂತು, ಬರಲೇಬೇಕಿತ್ತು. ಅದೇ ಸಿನಿಮಾದಲ್ಲಿ ರಸೆಲ್ ಕ್ರೋ ಹಾಡುವುದನ್ನು ಕೇಳಿದಾಗ ಮಾತ್ರ ಇವರಿಗೊಬ್ಬ ಪಿ.ಬಿ.ಎಸ್ ಸಿಗಬಾರದಿತ್ತೇ ಅನ್ನಿಸಿತು. ಎರಡೂವರೆ ಗಂಟೆ ದಾಟುತ್ತೆ, ನಿಮ್ಮ ಟೆರೇಸ್‌ಗೆ ಆಗಲ್ಲ.

‘ಮೈ ಫೇರ್ ಲೇಡಿ’ಯ ರೆಕ್ಸ್ ಹ್ಯಾರಿಸನ್ 1964ರಲ್ಲೇ ಲೈವ್ ಹಾಡಿದ್ದು, ಟೈ ಕೆಳಗೆ ವೈರ್‌ಲೆಸ್ ಮೈಕ್ ಇಟ್ಟುಕೊಂಡು. ಹಾಡಿದ್ದು ಅನ್ನುವುದಕ್ಕಿಂತ ರಾಗವಾಗಿ ಬೈದದ್ದು ಅನ್ನಬಹುದು.

ಕಾಂಗ್ರೆಸ್ ಕಡಲೆಕಾಯಿ:

ಹಳೆಯದು ಬಹುಮಟ್ಟಿಗೆ ಗೊತ್ತಾಯಿತು. ಹಾರ್ಮೋನಿಯಂ ಅವರೇ, ನಿಮ್ಮ ಉತ್ತರವನ್ನು ಗ್ರೂಪಿಗೆ ಹಾಕಿದೆ, ಈಗ ಅಲ್ಲೂ ಪಿ.ಬಿ.ಎಸ್ ಹಾಡುಗಳೇ ಬರುತ್ತಿವೆ, ವಿಷಯ ಹಳಿ ತಪ್ಪಿದೆ. ಹೊಸದರಲ್ಲಿ ಏನಿದೆ ಹೇಳಿ. ‘ವಿಕೆಡ್’ ಅಂತ ಎಲ್ಲರೂ ಹೇಳುತ್ತಾರೆ. ಲಾ ಲಾ ಲ್ಯಾಂಡ್ ಪೂರ್ತಿ ನೋಡುವುದು ಬೇಕಾ?

ಎಡಿಸನ್ ಎಮ್ಮೆ:

ನಾನಿರುವುದು ನ್ಯೂಜೆರ್ಸಿಯಲ್ಲಿ, ನ್ಯೂಯಾರ್ಕ್‌ನ ನಾಟಕದ ಬೀದಿ ಬ್ರಾಡ್‌ವೇಗೆ ಒಂದು ರೈಲು ಹತ್ತಿದರೆ ಆಯಿತು, ಟಿಕೆಟ್ ರೇಟು ನೋಡಿ ಇಳಿದರೂ ಆಯಿತು. ‘ವಿಕೆಡ್’ ಬಗ್ಗೆ ಹೇಳುತ್ತೇನೆ. 2024ರಲ್ಲಿ ಮೊದಲ ಭಾಗ, 2025ರಲ್ಲಿ ಎರಡನೆಯದು. ಇದಕ್ಕೆ ಮೂಲವಾದ ಬ್ರಾಡ್‌ವೇ ನಾಟಕದ ಇಂಟರ್ವಲ್‌ಗೆ ಸಿನಿಮಾವನ್ನೇ ನಿಲ್ಲಿಸಿ ಒಂದು ವರ್ಷ ಕಾಯಿಸಿದರು ಪುಣ್ಯಾತ್ಮರು. ಮೊದಲ ಭಾಗವೇ ಎರಡು ಗಂಟೆ ನಲವತ್ತು ನಿಮಿಷ. ಸಿಂಥಿಯಾ ಎರಿವೋ ಹಾಡುವುದನ್ನು ದೊಡ್ಡ ಪರದೆಯಲ್ಲಿ, ದೊಡ್ಡ ಸ್ಪೀಕರ್‌ನಲ್ಲೇ ಕೇಳಬೇಕು, ಟ್ಯಾಂಕ್ ಪಕ್ಕದ ಗೋಡೆ ಮೇಲೆ ದಂಡ. ಇಲ್ಲಿ ಥಿಯೇಟರ್‌ನಲ್ಲಿ ಜನ ಜೊತೆಗೇ ಹಾಡಲು ಶುರು ಮಾಡಿ ಜಗಳ ಆಯಿತು. ದುಡ್ಡು ಕೊಟ್ಟು ಬಂದಿರೋದು ಆಕೆ ಹಾಡೋದು ಕೇಳೋಕೆ, ನಿನ್ನದಲ್ಲ ಅಂತ ಒಂದು ಪಕ್ಷ. ಕೊನೆಗೆ ಕ್ರಿಸ್‌ಮಸ್‌ನಿಂದ ಹಾಡುವವರಿಗೇ ಬೇರೆ ಶೋ ಇಟ್ಟರು. ನನಗೆ ನಮ್ಮ ಕಡೆಯ ಶಿಳ್ಳೆ, ಒನ್ಸ್ ಮೋರ್ ನೆನಪಾಯಿತು. ಆಗ ಯಾರೂ ಪಕ್ಕದವನಿಗೆ ಬಾಯ್ಮುಚ್ಚು ಅನ್ನುತ್ತಿರಲಿಲ್ಲ.

ಒಂದು ವಿಷಯ ಗಮನಿಸಿದ್ದೀರಾ? ಈಚೆಗೆ ಇಲ್ಲಿ ಮ್ಯೂಸಿಕಲ್ ತೆಗೆಯುತ್ತಾರೆ, ಆದರೆ ಟ್ರೈಲರ್‌ನಲ್ಲಿ ಹಾಡನ್ನೇ ಬಚ್ಚಿಡುತ್ತಾರೆ. ‘ವೊಂಕಾ’, ‘ಮೀನ್ ಗರ್ಲ್ಸ್’, ಎರಡರ ಟ್ರೈಲರ್ ನೋಡಿದವರಿಗೂ ಇದರಲ್ಲಿ ಹಾಡಿದೆ ಅಂತ ಗೊತ್ತಾಗುತ್ತಿರಲಿಲ್ಲ. ನಮ್ಮಲ್ಲಿ ಸಿನಿಮಾಕ್ಕಿಂತ ತಿಂಗಳು ಮೊದಲೇ ಹಾಡು ಬಿಡುತ್ತಾರೆ, ಹಾಡು ಓಡಿದರೆ ಸಿನಿಮಾ ಅರ್ಧ ಓಡಿದ ಹಾಗೆ. ಇವರಿಗೆ ಹಾಡು ಅಂದರೆ ಜನ ಓಡಿಹೋಗುತ್ತಾರೆ ಅನ್ನುವ ಭಯ. ನಿಮ್ಮ ಟೆರೇಸ್ ಗೆಳೆಯನಂಥವರು ಇಲ್ಲಿ ಜಾಸ್ತಿ.

ಹೊಸದಕ್ಕೆ ನನ್ನ ಓಟು 2021ರ ‘ವೆಸ್ಟ್ ಸೈಡ್ ಸ್ಟೋರಿ’ಗೆ, ಸ್ಪೀಲ್‌ಬರ್ಗ್‌ದು. ಉದ್ದ ಜಾಸ್ತಿ, ಗೊತ್ತು. ಮೇಲೆ ಹೇಳಿದ ದನಿ ಲೆಕ್ಕವನ್ನು ಈತ ಚುಕ್ತಾ ಮಾಡಿದ್ದಾನೆ. ಹಿಂದೆ ನಟಾಲಿ ವುಡ್ ಮಾಡಿದ್ದ ಮರಿಯಾ ಪಾತ್ರದ ರೇಚಲ್ ಜೆಗ್ಲರ್ ತಾನೇ ಹಾಡಿದ್ದಾಳೆ. 1961ರಲ್ಲಿ ಅನಿತಾ ಆಗಿದ್ದ ರೀಟಾ ಮೊರೆನೊಗೆ ಆಸ್ಕರ್ ಬಂದಿತ್ತು, 2021ರ ಅನಿತಾ ಅರಿಯಾನಾ ಡಿಬೋಸ್‌ಗೂ ಬಂತು. ರೀಟಾ ಮೊರೆನೊ ಈ ಹೊಸದರಲ್ಲೂ ಇದ್ದಾರೆ, ವಯಸ್ಸು ಎಂಬತ್ತರ ಮೇಲೆ, ಮೊದಲು ಪ್ರೇಮಿಗಳು ಹಾಡುತ್ತಿದ್ದ ‘ಸಮ್‌ವೇರ್’ ಹಾಡನ್ನು ಇದರಲ್ಲಿ ಈ ಅಜ್ಜಿ ಒಬ್ಬರೇ ಕೂತು ಹಾಡುತ್ತಾರೆ. ಅಲ್ಲಿ ನಾನು ಪಾಪ್‌ಕಾರ್ನ್ ಕೆಳಗಿಟ್ಟೆ.

ಲಾ ಲಾ ಲ್ಯಾಂಡ್ ಪೂರ್ತಿ ನೋಡಿ ಮಾರಾಯ. ಆ ಟ್ರಾಫಿಕ್ ಹಾಡು ಸೆಟ್ಟಲ್ಲ, ಲಾಸ್ ಏಂಜಲೀಸ್‌ನ ನಿಜವಾದ ಫ್ರೀವೇ ರ‍್ಯಾಂಪ್ ಮುಚ್ಚಿಸಿ ಬಿಸಿಲಲ್ಲಿ ಮಾಡಿದ್ದು. ಹೀರೋ, ಹೀರೋಯಿನ್ ಇಬ್ಬರೂ ದೊಡ್ಡ ಗಾಯಕರೇನಲ್ಲ. ಕೊನೆಯ ಕೆಲವು ನಿಮಿಷ ಹೆಚ್ಚುಕಡಿಮೆ ಮಾತಿಲ್ಲದೆ ಹೋಗುತ್ತೆ, ಅದಕ್ಕೋಸ್ಕರ ಮೊದಲಿನದ್ದನ್ನೆಲ್ಲ ತಡೆದುಕೊಳ್ಳಬಹುದು.

ಟೆಂಟ್ ಸಿನಿಮಾ:

ಲಾ ಲಾ ಲ್ಯಾಂಡ್ ಮಾಡಿದವನು ಯಾರ ಶಿಷ್ಯ ಅಂತ ಗೊತ್ತಾಗಬೇಕಾದರೆ ಫ್ರೆಂಚ್‌ನ ‘ಅಂಬ್ರೆಲಾಸ್ ಆಫ್ ಶೆರ್ಬೂರ್’ ನೋಡಬೇಕು, 1964, ಜಾಕ್ ಡೆಮಿ. ಒಂದೂವರೆ ಗಂಟೆ. ಇದರಲ್ಲಿ ಮಾತಿನ ಮಧ್ಯೆ ಹಾಡು ಬರುವುದೇ ಇಲ್ಲ, ಯಾಕಂದರೆ ಮಾತೇ ಇಲ್ಲ. ಪೆಟ್ರೋಲು, ಬಾಡಿಗೆ, ಕೊಡೆ ವ್ಯಾಪಾರ, ಎಲ್ಲ ಹಾಡೇ. ಮೊದಲ ಸೀನು ಒಂದು ಗ್ಯಾರೇಜು. ಕೆಲಸ ಮುಗಿಸಿ ಕೈ ತೊಳೆಯುತ್ತಾ ಮೆಕ್ಯಾನಿಕ್‌ಗಳು ಸಂಜೆ ಎಲ್ಲಿಗೆ ಹೋಗೋಣ ಅಂತ ಮಾತಾಡುತ್ತಾರೆ. ಒಬ್ಬ ಹೇಳುತ್ತಾನೆ, ಈ ಒಪೆರಾ ಎಲ್ಲ ನನಗಾಗಲ್ಲ, ಎಲ್ಲರೂ ಹಾಡ್ತಾನೇ ಇರ್ತಾರೆ, ಸಿನಿಮಾನೇ ವಾಸಿ ಅಂತ. ಅದನ್ನೂ ಹಾಡಿಯೇ ಹೇಳುತ್ತಾನೆ! ನಿಮ್ಮ ಉರಿಮೂತಿ ಗೆಳೆಯನಿಗೆ ಇದನ್ನು ಮೊದಲು ತೋರಿಸಿ.

ಸೋಡಾಬುಡ್ಡಿ:

ಬಿಯರ್ ಅಂದಿರಲ್ಲ, ಬಿಯರ್ ಗಾರ್ಡನ್ನಿನ ಹಾಡೊಂದಿದೆ, ಕುಡಿದದ್ದು ಇಳಿದುಹೋಗುತ್ತೆ. ‘ಕ್ಯಾಬರೆ’, 1972, ಬಾಬ್ ಫಾಸಿ ನಿರ್ದೇಶನ. ಹಿಟ್ಲರ್ ಇನ್ನೇನು ಬರುತ್ತಾನೆ ಅನ್ನುವ ಹೊತ್ತಿನ ಬರ್ಲಿನ್. ಈ ಸಿನಿಮಾದಲ್ಲಿ ಯಾರೂ ರಸ್ತೆಯಲ್ಲಿ ಸುಮ್ನೆ ಹಾಡುವುದಿಲ್ಲ, ಹಾಡೆಲ್ಲ ಒಂದು ನೈಟ್ ಕ್ಲಬ್ ವೇದಿಕೆ ಮೇಲೆ. ಹೊರಗೆ ಹಾಡುವುದು ಒಂದೇ ಒಂದು. ಹಳ್ಳಿ ಕಡೆ ಬಿಸಿಲು, ಮರದ ಕೆಳಗೆ ಮೇಜು, ಮಗ್ಗುಗಳಲ್ಲಿ ಬಿಯರ್, ಸಂಸಾರವಂದಿಗರು. ಹೊಂಬಣ್ಣದ ಕೂದಲಿನ ಒಬ್ಬ ಹುಡುಗ ಎದ್ದು ಮೃದುವಾಗಿ ಹಾಡತೊಡಗುತ್ತಾನೆ. ಬರೀ ಮುಖ ಕಾಣುತ್ತೆ. ಎಷ್ಟು ಚಂದದ ದನಿ ಅಂದುಕೊಳ್ಳುವಷ್ಟರಲ್ಲಿ ಕ್ಯಾಮೆರಾ ನಿಧಾನಕ್ಕೆ ಕೆಳಗಿಳಿಯುತ್ತೆ, ತೋಳಿನಲ್ಲಿ ನಾಜಿ ಪಟ್ಟಿ. ಒಬ್ಬೊಬ್ಬರೇ ಎದ್ದು ನಿಂತು ದನಿ ಸೇರಿಸುತ್ತಾರೆ, ಹಾಡು ಗಟ್ಟಿಯಾಗುತ್ತಾ ಕಿರುಚಾಟ ಆಗುತ್ತೆ. ಒಬ್ಬ ಮುದುಕ ಮಾತ್ರ ಏಳುವುದಿಲ್ಲ. ತಲೆ ತಗ್ಗಿಸಿ ಕೂತೇ ಇರುತ್ತಾನೆ.

ಬಹಳ ಜನ ಅದು ನಾಜಿಗಳದೇ ಹಳೇ ಹಾಡು ಅಂದುಕೊಂಡಿದ್ದರು. ಬರೆದದ್ದು ಕ್ಯಾಂಡರ್ ಮತ್ತು ಎಬ್, ಇಬ್ಬರೂ ಅಮೆರಿಕದ ಯಹೂದಿಗಳು, ಬ್ರಾಡ್‌ವೇ ನಾಟಕಕ್ಕಾಗಿ. ಆ ವರ್ಷ ಈ ಸಿನಿಮಾಕ್ಕೆ ಎಂಟು ಆಸ್ಕರ್, ಆದರೆ ಒಳ್ಳೇ ಚಿತ್ರ ಅನ್ನುವ ದೊಡ್ಡ ಆಸ್ಕರ್ ‘ಗಾಡ್‌ಫಾದರ್’ಗೆ ಹೋಯಿತು. ಎರಡು ಗಂಟೆ ಚಿಲ್ಲರೆ, ಮಕ್ಕಳು ಮಲಗಿದ ಮೇಲೆ ಹಾಕಿ.

ಮಂಡ್ಯದ ಮನ್ಮಥ:

ನಾನು ಹಾರ್ಮೋನಿಯಂ ಅವರ ಮಾತನ್ನು ಅರ್ಧ ಒಪ್ಪುತ್ತೇನೆ, ಅರ್ಧ ಇಲ್ಲ. ದನಿ ಯಾರದು ಅನ್ನುವುದು ಒಂದು. ಹಾಡು ಏನು ಕೆಲಸ ಮಾಡುತ್ತೆ ಅನ್ನುವುದು ಇನ್ನೊಂದು, ಅದೇ ದೊಡ್ಡದು ಅಂತ ನನ್ನ ಲೆಕ್ಕ. ನಮ್ಮ ಬಹಳಷ್ಟು ಸಿನಿಮಾದಲ್ಲಿ ಹಾಡು ಬಂದರೆ ಕಥೆ ಹೊರಗೆ ಹೋಗಿ ಸಿಗರೇಟ್ ಸೇದಿ ಬರುತ್ತೆ. ಹಾಡು ಕಿತ್ತರೂ ಸಿನಿಮಾ ನಿಲ್ಲುತ್ತೆ. ಮ್ಯೂಸಿಕಲ್ ಅಂದರೆ ಹಾಡು ಶುರುವಾದಾಗ ಇದ್ದ ಪರಿಸ್ಥಿತಿ ಹಾಡು ಮುಗಿದಾಗ ಇರಬಾರದು. ಅಷ್ಟರಲ್ಲಿ ಯಾರೋ ಪ್ರೀತಿಸಿರಬೇಕು, ಯಾರೋ ಸೋತಿರಬೇಕು.

ಆ ಅಳತೆಯಲ್ಲಿ ಕನ್ನಡದಲ್ಲಿ ಪಕ್ಕಾ ಮ್ಯೂಸಿಕಲ್ ಇದೆ ಸ್ವಾಮಿ. ‘ಪ್ರೇಮಲೋಕ’, 1987. ಹಂಸಲೇಖ ಮಾಡಿದ ಕೆಲಸ ಏನು? ಕಾಲೇಜು ಹುಡುಗರು ಆಡುವ ಮಾತನ್ನೇ ಎತ್ತಿ ರಾಗಕ್ಕೆ ಹಾಕಿದ್ದು. ‘ನಿಂಬೆ ಹಣ್ಣಿನಂಥ ಹುಡುಗಿ’ ಅಂದರೆ ಕವಿತೆನಾ, ಕಟ್ಟೆ ಮೇಲೆ ಕೂತವರ ಕಾಮೆಂಟಾ? ‘ಚೆಲುವೆ ಒಂದು ಕೇಳ್ತೀನಿ’ಯಲ್ಲಿ ಸವಾಲು ಜವಾಬು, ಮಧ್ಯೆ ಮಾತು, ಮತ್ತೆ ಹಾಡು. ಯಾವುದು ಡೈಲಾಗು ಯಾವುದು ಪಲ್ಲವಿ ಗೊತ್ತಾಗದಷ್ಟು ಬೆರೆತಿದೆ. ಕ್ಯಾಸೆಟ್ ಹಾಕಿಕೊಂಡು ಕೇಳಿದರೂ ಕಥೆ ಅರ್ಥವಾಗುತ್ತಿತ್ತು. ಇದಕ್ಕೆ ಎಳೆ ಸಿಕ್ಕಿದ್ದು 1982ರ ‘ಗ್ರೀಸ್ 2’ನಿಂದ, ಅದು ಎಲ್ಲರಿಗೂ ಗೊತ್ತಿರುವುದೇ. ಮಜಾ ನೋಡಿ, ಅಮೆರಿಕದಲ್ಲಿ ಆ ಸಿನಿಮಾ ಎದ್ದೇಳಲಿಲ್ಲ. ಅಲ್ಲಿ ಬಿದ್ದ ಬೈಕು ಇಲ್ಲಿ ರವಿಚಂದ್ರನ್ ಕೈಗೆ ಸಿಕ್ಕಿ ಓಡಿದ್ದೇ ಓಡಿದ್ದು.

ಹಾಡುವವರ ಕಥೆಯೇ ಬೇಕು ಅಂದರೆ ಜಿ.ವಿ. ಅಯ್ಯರ್ ‘ಹಂಸಗೀತೆ’ ಇದೆ, 1975. ಅನಂತನಾಗ್ ಮುಖಕ್ಕೆ ಬಾಲಮುರಳಿಕೃಷ್ಣ ದನಿ, ಅವರಿಗೆ ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಗಾಯಕನೊಬ್ಬನ ಹಟ, ಸಂಗೀತದ ಹುಚ್ಚು, ಸುತ್ತ ಕೋಟೆ ಬಂಡೆ. ಆದರೆ ಬಿಯರ್ ಜೊತೆ ಬೇಡ. ಅದಕ್ಕೆ ಬೆಳಗಿನ ಕಾಫಿನೇ ಸರಿ.

ಹಾರ್ಮೋನಿಯಂ ಪೆಟ್ಟಿಗೆ:

ಪ್ರೇಮಲೋಕದ ಮಾತು ಒಪ್ಪಿದೆ. ಆದರೆ ‘ಹಾಡು ಕಿತ್ತರೂ ಸಿನಿಮಾ ನಿಲ್ಲುತ್ತೆ’ ಅನ್ನುವುದು ಅನ್ಯಾಯ. ಕಂಪನಿ ನಾಟಕದಲ್ಲಿ ರಾಜ ಸತ್ತು ಬಿದ್ದಮೇಲೂ ಜನ ಒನ್ಸ್ ಮೋರ್ ಅಂದರೆ ಎದ್ದು ಮತ್ತೆ ಹಾಡಿ ಮತ್ತೆ ಸಾಯುತ್ತಿದ್ದ ಅನ್ನುವ ತಮಾಷೆ ಹೇಳುತ್ತಾರಲ್ಲ. ನಮ್ಮವರು ಹಾಡನ್ನು ಕಥೆ ಮುಂದೂಡುವುದಕ್ಕೆ ಇಟ್ಟುಕೊಂಡದ್ದೇ ಅಲ್ಲ. ಕಥೆಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಆ ಭಾವದಲ್ಲೇ ಕೂರುವುದಕ್ಕೆ ಹಾಡು. ಅದೂ ಒಂದು ಕೆಲಸವೇ ರೀ.

ಮಂಡ್ಯದ ಮನ್ಮಥ:

ಕೂರಲಿ, ಬೇಡ ಅನ್ನಲ್ಲ. ಸ್ವಿಟ್ಜರ್ಲೆಂಡ್‌ಗೆ ಹೋಗಿ ಯಾಕೆ ಕೂರಬೇಕು ಅಂತ ನನ್ನ ಪ್ರಶ್ನೆ.

ಕಾಂಗ್ರೆಸ್ ಕಡಲೆಕಾಯಿ:

ತೀರ್ಮಾನ ಆಯಿತು. ಮೊದಲು ‘ಸಿಂಗಿಂಗ್ ಇನ್ ದ ರೇನ್’, ಊಟ ಆದಮೇಲೆ ಯಾರು ಎಚ್ಚರ ಇರುತ್ತಾರೋ ಅವರಿಗೆ ‘ಕ್ಯಾಬರೆ’. ಹೊಸದು ಅಂತ ಕೇಳಿ ಕೊನೆಗೆ ಎರಡೂ ಹಳೆಯದೇ ಆಯಿತು, ಎಡಿಸನ್ ಎಮ್ಮೆಯವರು ಬೇಜಾರಾಗಬೇಡಿ, ನಿಮ್ಮ ವೆಸ್ಟ್ ಸೈಡ್ ಸ್ಟೋರಿಯನ್ನು ನಾನೊಬ್ಬನೇ ಮನೆಯಲ್ಲಿ ನೋಡುತ್ತೇನೆ. ಪ್ರೊಜೆಕ್ಟರ್‌ನ ಸೌಂಡ್ ಸಾಲುತ್ತಾ ಇದಕ್ಕೆ?

ಎಡಿಸನ್ ಎಮ್ಮೆ:

ಸಾಲಲ್ಲ. ಅದರೊಳಗಿನ ಸ್ಪೀಕರ್‌ನಲ್ಲಿ ಮಳೆ ಹಾಡು ಹಾಕಿದರೆ ಎಣ್ಣೆಗೆ ಸಾಸಿವೆ ಬಿದ್ದ ಸದ್ದು ಬರುತ್ತೆ. ಯಾರ ಹತ್ತಿರವಾದರೂ ಸೌಂಡ್‌ಬಾರ್ ಇದ್ದರೆ ತರಿಸಿ. ಮತ್ತೆ ಸಬ್‌ಟೈಟಲ್ ಆನ್ ಮಾಡಿ, ಹಾಡಿನ ಸಾಲುಗಳೂ ಬರುತ್ತವಾ ಅಂತ ಮೊದಲೇ ನೋಡಿಕೊಳ್ಳಿ, ಕೆಲವದರಲ್ಲಿ ಹಾಡು ಬಂದ ತಕ್ಷಣ ಬರೀ ಒಂದು ಸಂಗೀತದ ಗುರುತು ಹಾಕಿ ಕೈತೊಳೆದುಕೊಂಡಿರುತ್ತಾರೆ.